ಎತ್ತಿಕೊಂಡರೆ ಮಗು ಹಾಳಾಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ 16 ತಿಂಗಳು. ಹುಟ್ಟಿದಾಗಿನಿಂದ ಅವಳು ಅತ್ತರೆ ತಕ್ಷಣ ಎತ್ತಿಕೊಳ್ಳುತ್ತಿದ್ದೆ. 'ಎತ್ತಿ ಎತ್ತಿ ಕೈ ರೂಢಿ ಮಾಡಿಬಿಟ್ಟೆ, ಈಗ ಅನುಭವಿಸು' ಅಂತ ನಮ್ಮತ್ತೆ ಹೇಳುತ್ತಾರೆ. ಎರಡು ತಿಂಗಳಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಹಗಲು ಅತ್ತೆಯೇ ನೋಡಿಕೊಳ್ಳುತ್ತಾರೆ. ನಾನು ಬಾಗಿಲ ಹತ್ತಿರ ಹೋದರೆ ಸಾಕು, ಕಾಲು ಹಿಡಿದುಕೊಂಡು ಕಿರುಚುತ್ತಾಳೆ. ಅದಕ್ಕೇ ಈಗ ಕಣ್ಣು ತಪ್ಪಿಸಿ ಹೊರಡುತ್ತೇನೆ. ಸಂಜೆ ಬಂದ ಮೇಲೆ ಸೊಂಟದಿಂದ ಕೆಳಗೆ ಇಳಿಯುವುದೇ ಇಲ್ಲ. ಸಣ್ಣ ಸಣ್ಣದಕ್ಕೂ ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ, ಕಚ್ಚುತ್ತಾಳೆ. ಮೊನ್ನೆ ತಡೆಯಲಾಗದೆ ಜೋರಾಗಿ ಗದರಿಬಿಟ್ಟೆ. ಅವಳು ಬೆಚ್ಚಿಬಿದ್ದು ಅತ್ತಳು, ನಾನೂ ಅತ್ತುಬಿಟ್ಟೆ. ಇದೆಲ್ಲ ಅವಳ ಮನಸ್ಸಿನಲ್ಲಿ ಉಳಿದುಬಿಡುತ್ತಾ? ಗಟ್ಟಿ ಮನಸ್ಸಿನ ಹುಡುಗಿ ಆಗಬೇಕು ಅಂದ್ರೆ ಈಗಿನಿಂದಲೇ ಸ್ವಲ್ಪ ಬಿಗಿಯಾಗಿ ಇರಬೇಕಾ? ಇತ್ತೀಚೆಗೆ ನನಗೂ ಯಾವುದರಲ್ಲೂ ಮನಸ್ಸಿಲ್ಲ, ಸುಮ್‌ಸುಮ್ನೆ ಅಳು ಬರುತ್ತೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎತ್ತಿಕೊಂಡಿದ್ದರಿಂದ ನಿಮ್ಮ ಮಗಳು ಹಾಳಾಗಿಲ್ಲ. ಅವಳು ಈಗ ಮಾಡುತ್ತಿರುವುದೆಲ್ಲ ಆ ವಯಸ್ಸಿನ ಮಕ್ಕಳು ಮಾಡುವಂಥದ್ದೇ. ಒಂದು ದಿನ ಗದರಿದ್ದರಿಂದ ಅವಳ ಮನಸ್ಸು ಕೆಡುವುದಿಲ್ಲ. ಬಿಗಿಯಾಗಿದ್ದರೆ ಗಟ್ಟಿಯಾಗುತ್ತಾಳೆ ಅನ್ನುವುದೂ ಸರಿಯಲ್ಲ. ಆದರೆ ಒಂದನ್ನು ಮಾತ್ರ ನಾಳೆಯಿಂದಲೇ ನಿಲ್ಲಿಸಿ ಅಂತ ಕೇಳಿಕೊಳ್ಳುತ್ತೇನೆ. ಅದು ಕಣ್ಣು ತಪ್ಪಿಸಿ ಹೊರಡುವುದು. ಯಾಕೆ ಅಂತ ಮುಂದೆ ಬರೆದಿದ್ದೇನೆ. ನಿಮ್ಮ ಪತ್ರದ ಕೊನೆಯ ಸಾಲಿಗೂ ಬರುತ್ತೇನೆ. ಅದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು.

'ಕೈ ರೂಢಿ' ಅನ್ನುವ ಮಾತು ಹೊಸ ತಾಯಂದಿರ ಕಿವಿಗೆ ಬೀಳದ ಮನೆ ಕಡಿಮೆ. ಮೊದಲ ತಿಂಗಳುಗಳಲ್ಲಿ ಮಗುವಿನ ಅಳು ಹಟ ಅಲ್ಲ. ಹಟ ಮಾಡಬೇಕಾದರೆ 'ನಾನು ಅತ್ತರೆ ಅಮ್ಮ ಸೋಲುತ್ತಾಳೆ' ಅಂತ ಲೆಕ್ಕ ಹಾಕುವಷ್ಟು ಬುದ್ಧಿ ಬಲಿತಿರಬೇಕು. ಮೂರು ತಿಂಗಳ ಕೂಸಿಗೆ ಆ ಲೆಕ್ಕ ಬರುವುದಿಲ್ಲ. ಹಸಿವು, ನಿದ್ದೆ, ಚಳಿ, ಒದ್ದೆ ಬಟ್ಟೆ, ಒಂಟಿತನ ಎಲ್ಲಕ್ಕೂ ಅದರ ಹತ್ತಿರ ಇರುವುದು ಒಂದೇ ದಾರಿ, ಅಳು. ಇನ್ನೊಂದು ವಿಷಯ. ಹುಟ್ಟಿ ಎರಡು ವಾರ ಆದ ಮೇಲೆ ಶಿಶುವಿನ ಅಳು ಏರುತ್ತಾ ಹೋಗುತ್ತದೆ. ಆರನೇ ವಾರದ ಹೊತ್ತಿಗೆ ಅತಿ ಜಾಸ್ತಿ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸರಿಯಾಗಿ ಆ ಆರನೇ ವಾರದಲ್ಲೇ ಮನೆಯವರು 'ನೋಡು, ಎತ್ತಿ ಎತ್ತಿ ಹೀಗಾಯ್ತು' ಅನ್ನಲು ಶುರು ಮಾಡುತ್ತಾರೆ. ಎತ್ತಿಕೊಂಡಿದ್ದಕ್ಕೂ ಆ ಏರಿಕೆಗೂ ಸಂಬಂಧವಿಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೇರಿ ಐನ್ಸ್‌ವರ್ತ್ ಮತ್ತು ಸಿಲ್ವಿಯಾ ಬೆಲ್ ಅನ್ನುವ ಮನಶ್ಶಾಸ್ತ್ರಜ್ಞರು 26 ತಾಯಿ-ಮಗು ಜೋಡಿಗಳ ಮನೆಗೆ ವರ್ಷವಿಡೀ ಹೋಗಿ ಬಂದು, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ಯಾವ ತಾಯಂದಿರು ಅಳುವಿಗೆ ಬೇಗ ಸ್ಪಂದಿಸುತ್ತಿದ್ದರೋ, ಅವರ ಮಕ್ಕಳು ವರ್ಷದ ಕೊನೆಯಲ್ಲಿ ಕಡಿಮೆ ಅಳುತ್ತಿದ್ದರು. ಆ ಅಧ್ಯಯನ ಚಿಕ್ಕದು, ಅದರ ಲೆಕ್ಕಾಚಾರದ ಬಗ್ಗೆ ಆಮೇಲೆ ವಾದವೂ ನಡೆಯಿತು. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಕೆಲವು ತಾಯಂದಿರಿಗೆ, ಮಗು ಅಳದಿದ್ದರೂ ದಿನಕ್ಕೆ ಕನಿಷ್ಠ 3 ಗಂಟೆ ಎತ್ತಿಕೊಂಡಿರಿ ಅಂತ ಹೇಳಿದರು. ಆರನೇ ವಾರದಲ್ಲಿ ಆ ಮಕ್ಕಳ ಅಳು ಉಳಿದ ಮಕ್ಕಳಿಗಿಂತ ಶೇಕಡಾ 43ರಷ್ಟು ಕಡಿಮೆ ಇತ್ತು. ಆಗಲೇ ವಿಪರೀತ ಅಳುತ್ತಿದ್ದ ಶಿಶುಗಳಿಗೆ ಇದೇ ಉಪಾಯ ಮಾಡಿದಾಗ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ, ಎಷ್ಟು ಎತ್ತಿಕೊಂಡರೂ ಅಳು ನಿಲ್ಲದ ಮಗುವಿನ ತಾಯಿ 'ನನ್ನಲ್ಲೇ ಏನೋ ಕೊರತೆ' ಅಂದುಕೊಳ್ಳಬಾರದು. ಆದರೆ ಎತ್ತಿಕೊಂಡಿದ್ದರಿಂದ ಅಳು ಹೆಚ್ಚಾಯಿತು ಅಂತ ಈ ಯಾವ ಅಧ್ಯಯನದಲ್ಲೂ ಕಾಣಲಿಲ್ಲ.

ಎತ್ತಿಕೊಂಡಾಗ ಆಗುವುದೇನು? ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದ್ದು ಇದು: ತಾಯಿ ಮಗುವನ್ನು ಎತ್ತಿಕೊಂಡು ಎದ್ದು ನಡೆಯಲು ಶುರು ಮಾಡಿದ ಕೂಡಲೇ ಮಗುವಿನ ಎದೆಬಡಿತ ನಿಧಾನವಾಗುತ್ತದೆ, ಕೈಕಾಲು ಬಡಿಯುವುದು ನಿಲ್ಲುತ್ತದೆ, ಅಳು ಇಳಿಯುತ್ತದೆ. ಬರೀ ಕೂತು ಹಿಡಿದುಕೊಂಡರೆ ಇಷ್ಟು ಆಗುವುದಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದವರಿಗೆಲ್ಲ ಇದು ಗೊತ್ತು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲೇ ಇದೆ. ಸಮಾಧಾನ ಮಾಡಿಕೊಳ್ಳುವುದು ಮಗು ಹುಟ್ಟುತ್ತಲೇ ತರುವ ವಿದ್ಯೆ ಅಲ್ಲ. ಮೊದಲು ಇನ್ನೊಬ್ಬರ ತೋಳಿನಲ್ಲಿ, ಇನ್ನೊಬ್ಬರ ದನಿಯಲ್ಲಿ ಅದು ಸಮಾಧಾನ ಆಗುತ್ತದೆ. ಹೀಗೆ ಸಾವಿರ ಸಲ ಆಗಿ ಆಗಿ, ಉದ್ವೇಗ ಏರುತ್ತದೆ, ಆಮೇಲೆ ಇಳಿದೇ ಇಳಿಯುತ್ತದೆ ಅನ್ನುವುದು ಮೈಗೆ ಗೊತ್ತಾಗುತ್ತದೆ. ಆಮೇಲಷ್ಟೇ ನಿಧಾನವಾಗಿ ಆ ಕೆಲಸವನ್ನು ಮಗು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಸಿಟ್ಟು ಬಂದಾಗ ತಡೆದು ನಿಲ್ಲಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ, ಸುಮಾರು 25ರ ಹೊತ್ತಿಗೆ. 16 ತಿಂಗಳ ಮಗುವಿಗೆ ಸದ್ಯಕ್ಕೆ ಆ ಭಾಗದ ಕೆಲಸ ಮಾಡಿಕೊಡುವವರು ನೀವು, ಮಗುವಿನ ಅಪ್ಪ, ಅಜ್ಜಿ. ನೀವು ಕೇಳಿದ ಗಟ್ಟಿ ಮನಸ್ಸು ಬೆಳೆಯುವ ಬಗೆ ಇದು. ಒಂಟಿಯಾಗಿ ಅಳಲು ಬಿಟ್ಟ ಮಗುವೂ ಒಂದು ದಿನ ಸುಮ್ಮನಾಗುತ್ತದೆ, ನಿಜ. ಆದರೆ ಕರೆದರೆ ಯಾರೂ ಬರುವುದಿಲ್ಲ ಅಂತ ಸುಮ್ಮನಾಗುವುದು ಬೇರೆ, ಸಮಾಧಾನವಾಗಿ ಸುಮ್ಮನಾಗುವುದು ಬೇರೆ.

ಈಗ ಬಾಗಿಲ ಹತ್ತಿರದ ರಂಪಕ್ಕೆ ಬರೋಣ. ಎಂಟು ತಿಂಗಳ ಸುಮಾರಿಗೆ ಮಕ್ಕಳಿಗೆ ಒಂದು ದೊಡ್ಡ ತಿಳಿವಳಿಕೆ ಬರುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅಂತ ಗೊತ್ತಾಗುತ್ತದೆ. ಆದರೆ 'ಸಂಜೆ' ಅಂದರೇನು, 'ಆಮೇಲೆ' ಅಂದರೇನು ಅಂತ ಗೊತ್ತಿರುವುದಿಲ್ಲ. ಅಮ್ಮ ಎಲ್ಲೋ ಇದ್ದಾಳೆ, ಇಲ್ಲಿಲ್ಲ, ಯಾವಾಗ ಬರುತ್ತಾಳೋ ತಿಳಿಯದು. ಈ ಸಂಕಟ 10ರಿಂದ 18 ತಿಂಗಳ ನಡುವೆ ಜೋರಾಗಿರುತ್ತದೆ. ಎರಡು, ಎರಡೂವರೆ, ಮೂರು ವರ್ಷದ ಹೊತ್ತಿಗೆ ಕಡಿಮೆಯಾಗುತ್ತದೆ. ನಿಮ್ಮ ಮಗಳು ಅದರ ನಡುಮಧ್ಯದಲ್ಲಿದ್ದಾಳೆ. ನೀವು ಕೆಲಸಕ್ಕೆ ಹೋಗಲು ಶುರು ಮಾಡಿದ್ದೂ ಅದೇ ಹೊತ್ತಿಗೆ. ಎರಡೂ ಒಟ್ಟಿಗೆ ಬಂದಿವೆ ಅಷ್ಟೇ.

ನೀವು ದೂರಿನಂತೆ ಬರೆದ ಒಂದು ಮಾತು ಓದಿ ನನಗೆ ಸಮಾಧಾನವಾಯಿತು. 'ಸಂಜೆ ಬಂದ ಮೇಲೆ ಸೊಂಟದಿಂದ ಇಳಿಯುವುದೇ ಇಲ್ಲ.' ಅದೇ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಮಕ್ಕಳಿಗಾಗಿ ಒಂದು ಪರೀಕ್ಷೆ ರೂಪಿಸಿದ್ದರು. ಆಟಿಕೆ ಇರುವ ಒಂದು ಕೋಣೆ. ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮತ್ತೆ ಬರುತ್ತಾಳೆ. ಎಲ್ಲರ ಕಣ್ಣೂ ತಾಯಿ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದರ ಮೇಲೆ ಇರುತ್ತದೆ. ಐನ್ಸ್‌ವರ್ತ್ ಹೆಚ್ಚು ಗಮನಿಸಿದ್ದು ತಾಯಿ ತಿರುಗಿ ಬಂದಾಗ ಮಗು ಏನು ಮಾಡಿತು ಅನ್ನುವುದನ್ನು. ನೇರ ಹತ್ತಿರ ಬಂದು, ಎತ್ತಿಕೋ ಅಂತ ಕೈ ಚಾಚಿ, ಹೆಗಲಿಗೆ ಮುಖ ಒತ್ತಿ, ಆಮೇಲೆ ಸಮಾಧಾನವಾಗಿ ಆಟಕ್ಕೆ ಮರಳುವ ಮಗುವಿಗೆ ತಾಯಿಯ ಮೇಲೆ ಭರವಸೆ ಇದೆ ಅಂತ ಅವರು ಕಂಡುಕೊಂಡರು. ಅಮ್ಮ ಬಂದರೂ ಬಾರದಿದ್ದರೂ ಒಂದೇ ಅನ್ನುವಂತೆ ಮುಖ ತಿರುಗಿಸಿ ಆಟವಾಡುವ ಮಗು ನೋಡುವವರಿಗೆ 'ಎಷ್ಟು ಜಾಣೆ' ಅನ್ನಿಸಬಹುದು. ಅಂಥ ಮಕ್ಕಳ ಎದೆಬಡಿತ ಅಳೆದಾಗ ಅವರೂ ಒಳಗೊಳಗೇ ಕಂಗಾಲಾಗಿದ್ದುದು ಕಂಡುಬಂದಿದೆ. ನಿಮ್ಮ ಮಗಳು ಬೇಕಾದ್ದನ್ನು ಬೇಕು ಅಂತ ಹೇಳುತ್ತಿದ್ದಾಳೆ. ಅದು ಒಳ್ಳೆಯದು.

ಕಣ್ಣು ತಪ್ಪಿಸಿ ಹೋದರೆ ಆ ಹೊತ್ತಿನ ಅಳು ತಪ್ಪುತ್ತದೆ. ಆದರೆ ಅವಳಿಗೆ ಏನು ತಿಳಿಯುತ್ತದೆ ಅಂತ ಯೋಚಿಸಿ. ಆಟವಾಡುತ್ತಾ ತಿರುಗಿ ನೋಡುತ್ತಾಳೆ, ಅಮ್ಮ ಇಲ್ಲ. ಅಂದರೆ ಅಮ್ಮ ಯಾವ ಗಳಿಗೆಯಲ್ಲಿ ಬೇಕಾದರೂ ಮಾಯವಾಗಬಹುದು. ಹಾಗಾದರೆ ಅಮ್ಮ ಮನೆಯಲ್ಲಿದ್ದಾಗಲೂ ಕಣ್ಣು ತೆಗೆಯುವ ಹಾಗಿಲ್ಲ. ಸ್ನಾನದ ಮನೆಯ ಬಾಗಿಲಿಗೂ ಬಂದು ಬಡಿಯುತ್ತಾಳೆ, ರಾತ್ರಿ ಎದ್ದು ತಡಕಾಡುತ್ತಾಳೆ, ಸಂಜೆ ಸೊಂಟ ಬಿಡುವುದಿಲ್ಲ.

ಹೇಳಿಯೇ ಹೊರಡಿ. ಚೀಲ ಹೆಗಲಿಗೆ ಹಾಕುವ ಮುಂಚೆ ಐದು ನಿಮಿಷ ಅವಳ ಜೊತೆ ಕೂತುಕೊಳ್ಳಿ. ಆಮೇಲೆ ದಿನವೂ ಅವೇ ಮಾತು, ಅದೇ ಕ್ರಮ. 'ಅಮ್ಮ ಕೆಲಸಕ್ಕೆ ಹೋಗ್ತಾಳೆ. ನೀನು ಮಲಗಿ ಎದ್ದು, ಹಾಲು ಕುಡಿದು, ಆಟ ಆಡು. ಆಮೇಲೆ ಅಮ್ಮ ಬರ್ತಾಳೆ.' ಗಂಟೆಯ ಲೆಕ್ಕ ಅವಳಿಗೆ ತಿಳಿಯುವುದಿಲ್ಲ, ಅವಳ ದಿನದಲ್ಲಿ ಆಗುವ ಸಂಗತಿಗಳ ಲೆಕ್ಕ ತಿಳಿಯುತ್ತದೆ. ಒಂದು ಮುತ್ತು, ಒಂದು ಟಾಟಾ. ನೆಲದ ಮೇಲೆ ಬಿಟ್ಟು ಹೋಗಬೇಡಿ, ಅಜ್ಜಿಯ ತೋಳಿಗೇ ಕೊಡಿ. ಕೊಟ್ಟ ಮೇಲೆ ಹೊರಡಿ. ಅಳು ಕೇಳಿ ಎರಡು ಸಲ ಒಳಗೆ ಬಂದು ಹೋದರೆ ಅವಳಿಗೂ ಕಷ್ಟ, ನಿಮಗೂ ಕಷ್ಟ. ಅಳುತ್ತಾಳೆ, ಖಂಡಿತ ಅಳುತ್ತಾಳೆ. ಅಳಲಿ, ಒಬ್ಬರ ತೋಳಿನಲ್ಲಿ ಅಳಲಿ. ಎತ್ತಿಕೊಂಡವರು 'ಅಮ್ಮ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾಳೆ' ಅಂತ ಸುಳ್ಳು ಹೇಳುವುದು ಬೇಡ. 'ಅಮ್ಮ ಹೋದ್ಲು ಅಂತ ಬೇಜಾರಾಯ್ತು ಅಲ್ವಾ' ಅಂದರೆ ಸಾಕು.

ಆ ಗಳಿಗೆಯಲ್ಲಿ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಯಾವಾಗಲೂ ನೆನಪಿಗೆ ಬರುತ್ತದೆ. ಗಾಜು ಹಾಸಿದ ಒಂದು ಮೇಜು. ಅರ್ಧದಾಚೆ ಗಾಜಿನ ಕೆಳಗೆ ನೆಲ ತಗ್ಗಿಗಿಳಿದಂತೆ ಕಾಣುತ್ತದೆ. ಒಂದು ವರ್ಷದ ಮಗು ಅಂಬೆಗಾಲಿಡುತ್ತಾ ಬಂದು ಆ ಅಂಚಿನಲ್ಲಿ ನಿಲ್ಲುತ್ತದೆ, ತಲೆಯೆತ್ತಿ ಎದುರಿಗಿರುವ ಅಮ್ಮನ ಮುಖ ನೋಡುತ್ತದೆ. ಅಮ್ಮ ನಗುಮುಖ ತೋರಿಸಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದರು. ಹೆದರಿದ ಮುಖ ತೋರಿಸಿದಾಗ 17ರಲ್ಲಿ ಒಂದು ಮಗುವೂ ದಾಟಲಿಲ್ಲ. ಯಾವ ತಾಯಿಯೂ ಒಂದು ಮಾತೂ ಆಡಿರಲಿಲ್ಲ. ಬಾಗಿಲಲ್ಲಿ ನಿಂತಾಗ ನಿಮ್ಮ ಮಗಳೂ ಹಾಗೆಯೇ ನಿಮ್ಮ ಮುಖ ನೋಡಿ 'ಇದು ಹೆದರುವ ವಿಷಯವೋ ಅಲ್ಲವೋ' ಅಂತ ತೀರ್ಮಾನ ಮಾಡುತ್ತಾಳೆ. ಕಣ್ಣೀರು ಬರುವುದಿದ್ದರೆ ಗೇಟು ದಾಟಿದ ಮೇಲೆ ಬರಲಿ.

ಬಟ್ಟೆಯ ಹಿಂದೆ ಮುಖ ಮರೆಮಾಡಿ ಮತ್ತೆ ತೋರಿಸುವ ಆಟ, ಬಾಗಿಲ ಹಿಂದೆ ಅಡಗಿ 'ಎಲ್ಲಿ ಅಮ್ಮ?' ಅನ್ನುವ ಆಟ ದಿನಕ್ಕೆ ನಾಲ್ಕು ಸಲ ಆಡಿ. ಹೋಗುವುದು, ತಿರುಗಿ ಬರುವುದು ಅನ್ನುವುದನ್ನು ಅವಳು ನಗುತ್ತಾ ಅಭ್ಯಾಸ ಮಾಡುತ್ತಾಳೆ. ನಿಮ್ಮ ಹಳೆಯ ದುಪಟ್ಟಾ ಒಂದನ್ನು ಹಗಲು ಅವಳ ಹತ್ತಿರ ಬಿಟ್ಟರೂ ಒಳ್ಳೆಯದು. ಕೆಲವು ಮಕ್ಕಳು ಇಂಥದ್ದೊಂದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಾರೆ. ಅದನ್ನು ಕೆಟ್ಟ ಅಭ್ಯಾಸ ಅಂತ ಕಿತ್ತುಕೊಳ್ಳಬೇಡಿ. ಅವಳಿಗೆ ಒಂದು ವರ್ಷ ದಾಟಿರುವುದರಿಂದ ಹೇಳುತ್ತಿದ್ದೇನೆ, ಅದೂ ದೊಡ್ಡವರ ಕಣ್ಣೆದುರಿಗೆ. ಇನ್ನೂ ಚಿಕ್ಕ ಶಿಶು ಮಲಗುವ ಜಾಗದಲ್ಲಿ ಸಡಿಲ ಬಟ್ಟೆ ಇಡಬಾರದು, ಉಸಿರು ಕಟ್ಟುವ ಅಪಾಯ ಇರುತ್ತದೆ.

ಸಂಜೆ ಬಂದ ಕೂಡಲೇ ಅಡುಗೆ ಮನೆಗೆ ಓಡಬೇಡಿ. ಕೈಕಾಲು ತೊಳೆದು, ಫೋನು ಇನ್ನೊಂದು ಕೋಣೆಯಲ್ಲಿಟ್ಟು ಅರ್ಧ ಗಂಟೆ ನೆಲದ ಮೇಲೆ ಕೂತುಬಿಡಿ. ಅವಳು ತೊಡೆ ಹತ್ತುತ್ತಾಳೆ, ಇಳಿಯುತ್ತಾಳೆ, ಏನೋ ಒಂದು ತಂದು ಕೈಗೆ ಕೊಡುತ್ತಾಳೆ, ಮತ್ತೆ ಹತ್ತುತ್ತಾಳೆ. ಇಳಿಸಬೇಕು ಅಂತ ಅವಸರ ಮಾಡದಿದ್ದರೆ ತಾನೇ ಇಳಿದು ದೂರ ಹೋಗುತ್ತಾಳೆ. ದಿನವಿಡೀ ಜೊತೆಗಿರಲು ಆಗದ ತಾಯಿ ಕೊಡಬಹುದಾದ ಅತಿ ಬೆಲೆಯುಳ್ಳ ಸಮಯ ಈ ಅರ್ಧ ಗಂಟೆ ಅಂತ ನಾನು ನಂಬಿದ್ದೇನೆ.

ಈಗ ನಿಮ್ಮನ್ನು ಕಾಡುತ್ತಿರುವ ಗದರಿದ ವಿಷಯ. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಮಗುವಿನೆದುರು ಕೂತು ನಗುತ್ತಾ ಮಾತಾಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಏನೂ ತೋರಿಸದೆ ಸುಮ್ಮನೆ ನೋಡುತ್ತಾಳೆ. ಮಗು ಮೊದಲು ನಗುತ್ತದೆ. ಉತ್ತರ ಬರದಿದ್ದಾಗ ಕೈ ಮುಂದೆ ಚಾಚುತ್ತದೆ, ದನಿ ಮಾಡುತ್ತದೆ, ಮತ್ತೊಮ್ಮೆ ನಗಲು ನೋಡುತ್ತದೆ. ಆಮೇಲೆ ಮುಖ ತಿರುಗಿಸುತ್ತದೆ, ಮೈ ಕುಗ್ಗಿಸುತ್ತದೆ, ಕೊನೆಗೆ ಅಳುತ್ತದೆ. ಇದನ್ನು ನೋಡಿದ ತಾಯಂದಿರು 'ಅಯ್ಯೋ, ನಾನೂ ಎಷ್ಟೋ ಸಲ ಹೀಗೆ ಮಾಡಿದ್ದೇನೆ' ಅಂತ ಹೆದರುತ್ತಾರೆ. ಆದರೆ ಮುಂದಿನ ಭಾಗ ಇನ್ನೂ ಮುಖ್ಯ. ತಾಯಿ ಮತ್ತೆ ನಕ್ಕು ಮಾತಾಡಿಸುತ್ತಾಳೆ. ಮಗು ಸ್ವಲ್ಪ ಹೊತ್ತು ಮುನಿಸಿಕೊಂಡಂತೆ ಇದ್ದು, ಆಮೇಲೆ ಮರಳಿ ಬರುತ್ತದೆ. ಟ್ರಾನಿಕ್ ಅವರು ಮಾಮೂಲಿ ಆಟವನ್ನೂ ಗಮನಿಸಿ ನೋಡಿದರು. ಚೆನ್ನಾಗಿಯೇ ಇರುವ ತಾಯಿ-ಮಗುವಿನ ನಡುವೆಯೂ ಇಬ್ಬರ ಭಾವ ಒಂದಕ್ಕೊಂದು ಸರಿಹೊಂದುವುದು ಶೇಕಡಾ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಸರಿ ಮಾಡಿಕೊಳ್ಳುವುದು, ಮತ್ತೆ ತಪ್ಪುವುದು. ತಪ್ಪಿದ್ದು ಮತ್ತೆ ಸರಿಹೋಗುತ್ತದೆ ಅನ್ನುವ ನಂಬಿಕೆ ಮಗುವಿಗೆ ಬರುವುದೇ ಇದರಿಂದ.

ಹಾಗಾಗಿ ಗದರಿದ ಮೇಲೆ ಏನು ಮಾಡಿದಿರಿ ಅನ್ನುವುದೇ ಮುಖ್ಯ. ಮೊದಲು ನೀವು ಸ್ವಲ್ಪ ಉಸಿರು ತೆಗೆದುಕೊಳ್ಳಿ. ಆಮೇಲೆ ಅವಳ ಎತ್ತರಕ್ಕೆ ಕೂತು, ಮೆಲ್ಲಗೆ, 'ಅಮ್ಮ ಜೋರಾಗಿ ಕೂಗಿದೆ. ನಿಂಗೆ ಹೆದರಿಕೆ ಆಯ್ತು. ಹಾಗೆ ಕೂಗಬಾರದಿತ್ತು' ಅನ್ನಿ. ಮಾತು ಪೂರ್ತಿ ತಿಳಿಯದಿದ್ದರೂ ದನಿ ತಿಳಿಯುತ್ತದೆ. ಹತ್ತಿರ ಬಂದರೆ ಎತ್ತಿಕೊಳ್ಳಿ. ಬರದಿದ್ದರೆ ಎಳೆದು ಅಪ್ಪಿಕೊಳ್ಳಬೇಡಿ, ಪಕ್ಕದಲ್ಲೇ ಕೂತಿರಿ. ಅವಳನ್ನು ಹಿಡಿದುಕೊಂಡು ನೀವೇ ಬಿಕ್ಕಿ ಬಿಕ್ಕಿ ಅಳುವುದು ಬೇಡ, ಆಗ ನಿಮ್ಮನ್ನು ಸಮಾಧಾನ ಮಾಡುವ ಭಾರ ಅವಳ ಮೇಲೆ ಬೀಳುತ್ತದೆ.

ಮನಸ್ಸಿನಲ್ಲಿ ಉಳಿಯುವಂಥ ಪೆಟ್ಟು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ರೊಮೇನಿಯಾದ ಅನಾಥಾಲಯಗಳ ಮಕ್ಕಳು ಸಾಕ್ಷಿ. ಊಟ, ಬಟ್ಟೆ, ಹಾಸಿಗೆ ಇತ್ತು, 'ನನ್ನವರು' ಅನ್ನುವ ಒಬ್ಬರೂ ಇರಲಿಲ್ಲ. ಈ ಶತಮಾನದ ಆರಂಭದಲ್ಲಿ ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನ ಅಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿ, ವರ್ಷಗಟ್ಟಲೆ ಗಮನಿಸಿದರು. ಎರಡು ವರ್ಷಕ್ಕೆ ಮುಂಚೆ ಒಂದು ಕುಟುಂಬ ಸಿಕ್ಕ ಮಕ್ಕಳು, ತಡವಾಗಿ ಸಿಕ್ಕವರಿಗಿಂತ ಎಷ್ಟೋ ಚೆನ್ನಾಗಿ ಚೇತರಿಸಿಕೊಂಡರು. ನಿತ್ಯದ ಹೊಡೆತ, ನಿತ್ಯದ ಬೈಗುಳ, ಯಾರೂ ಕೇಳದ ಒಂಟಿತನ, ಇವು ಪೆಟ್ಟು ಕೊಡುತ್ತವೆ. ತಪ್ಪಾಯಿತು ಅಂತ ಮರುಗುವ ತಾಯಿಯ ಒಂದು ದಿನದ ಗದರಿಕೆ ಆ ಸಾಲಿಗೆ ಸೇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಸಿಟ್ಟು ಕೈ ಮೀರುತ್ತಿದೆ ಅನ್ನಿಸಿದರೆ ಮಗುವನ್ನು ಬೀಳದಂಥ ಜಾಗದಲ್ಲಿ ಬಿಟ್ಟು ಎರಡು ಮೂರು ನಿಮಿಷ ಆಚೆ ಹೋಗಿ. ಎಷ್ಟೇ ಸಿಟ್ಟು ಬಂದರೂ ಮಗುವನ್ನು ಹಿಡಿದು ಕುಲುಕಬಾರದು. ಶಿಶುಗಳಲ್ಲಿ ಅದರಿಂದ ಮಿದುಳಿನೊಳಗೆ ರಕ್ತಸ್ರಾವ ಆಗಿ ಜೀವ ಹೋಗಬಹುದು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ನೆಲಕ್ಕೆ ಬಿದ್ದು ಹೊರಳಾಡುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾಲುಚೀಲ ತಾನೇ ಹಾಕಿಕೊಳ್ಳಬೇಕು ಅಂತ ಅವಳಿಗೆ ಆಸೆ. ಹಿಮ್ಮಡಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಎಳೆಯುತ್ತಾಳೆ, ಬರುವುದಿಲ್ಲ. 'ಕೊಡಮ್ಮಾ, ನಾನು ಹಾಕ್ತೀನಿ' ಅಂತ ನೀವು ಕೈ ಹಾಕುತ್ತೀರಿ. ಮುಗಿಯಿತು. ಚೀಲ ಎಸೆದು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ನೆಲಕ್ಕೆ ಬೀಳುತ್ತಾಳೆ. ನಿಮಗೆ ಅದು ಹಟ. ಅವಳಿಗೆ ಏನಾಗಿದೆ? 'ನಾನೇ' ಅನ್ನುವ ಆಸೆ ಬಂದಿದೆ, ಬೆರಳಿಗೆ ಆ ಚಾಕಚಕ್ಯತೆ ಬಂದಿಲ್ಲ, ಬಾಯಿಗೆ ಆ ಮಾತು ಬಂದಿಲ್ಲ. ಹದಿನೆಂಟು ತಿಂಗಳ ಸುಮಾರಿನಿಂದ ಮೂರೂವರೆ, ನಾಲ್ಕು ವರ್ಷದವರೆಗೆ ಈ ರಂಪಾಟ ಮಾಮೂಲು. ನಿಮ್ಮವಳು ಸ್ವಲ್ಪ ಮುಂಚೆ ಶುರು ಮಾಡಿದ್ದಾಳೆ, ಅದೂ ಮಾಮೂಲೇ.

ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಅನ್ನುವ ಸಂಶೋಧಕರು 2003ರಲ್ಲಿ ಇಂಥ ರಂಪಾಟಗಳನ್ನು ನಿಮಿಷ ನಿಮಿಷಕ್ಕೆ ಬಿಡಿಸಿ ನೋಡಿದರು. ನಾಲ್ಕರಲ್ಲಿ ಮೂರು ಪಾಲು ಐದು ನಿಮಿಷದೊಳಗೇ ಮುಗಿಯುತ್ತವೆ. ಒಳಗೆ ಎರಡು ಎಳೆ ಇರುತ್ತವೆ, ಸಿಟ್ಟು ಮತ್ತು ದುಃಖ. ಒದೆಯುವುದು, ಕಿರುಚುವುದು, ಎಸೆಯುವುದು ಶುರುವಿನಲ್ಲೇ ತುದಿ ಮುಟ್ಟಿ ಇಳಿಯುತ್ತದೆ. ಬಿಕ್ಕುವುದು, ಹತ್ತಿರ ಬರಬೇಕು ಅನ್ನಿಸುವುದು ಕೊನೆಯವರೆಗೂ ಇರುತ್ತದೆ. ಇದು ತಿಳಿದಿದ್ದರೆ ನಮಗೆ ತುಂಬಾ ಉಪಯೋಗ. ಸಿಟ್ಟು ತುದಿಯಲ್ಲಿರುವಾಗ ಬುದ್ಧಿ ಹೇಳಬೇಡಿ, ಪ್ರಶ್ನೆ ಕೇಳಬೇಡಿ, ಎತ್ತಿಕೊಳ್ಳಲೂ ಹೋಗಬೇಡಿ. ಬಹಳ ಮಕ್ಕಳಿಗೆ ಆಗ ಮುಟ್ಟಿದರೂ ಆಗುವುದಿಲ್ಲ. ತಲೆಗೆ ಏಟಾಗದಂತೆ ಗಟ್ಟಿ ಸಾಮಾನು ಸರಿಸಿ, ಪಕ್ಕದಲ್ಲಿ ಕೂತಿರಿ. ಒಂದೆರಡು ಮಾತು ಸಾಕು. 'ಸಿಟ್ಟು ಬಂತು. ನಾನಿಲ್ಲೇ ಇದ್ದೀನಿ.' ಕಿರುಚುವುದು ಇಳಿದು ದನಿ ಒದ್ದೆಯಾಗುವ ಒಂದು ಹೊತ್ತು ಬರುತ್ತದೆ. ತಾನಾಗಿ ನಿಮ್ಮ ಕಡೆ ನೋಡುತ್ತಾಳೆ. ಎತ್ತಿಕೊಳ್ಳಬೇಕಾದದ್ದು ಆಗ. ರಂಪ ಮಾಡಿದ್ದಕ್ಕೆ ಅದು ಬಹುಮಾನ ಆಗುವುದಿಲ್ಲ. ನೀವು ಬೇಡ ಅಂದಿದ್ದನ್ನು ರಂಪ ಆದ ಮೇಲೆ ಕೊಟ್ಟರೆ ಅದು ಬಹುಮಾನ. ಕತ್ತರಿ ಕೊಡಲ್ಲ ಅಂದಿದ್ದರೆ ಕೊಡಬೇಡಿ. ಸಿಟ್ಟು ಬರುವುದಕ್ಕೆ ಅಡ್ಡಿ ಇಲ್ಲ, ಕತ್ತರಿ ಮಾತ್ರ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬಹುದು. ನೀವು ಕೇಳಿದ 'ಬಿಗಿ'ಗೆ ಜಾಗ ಇಲ್ಲಿದೆ. ಮಿತಿ ಬಿಗಿಯಾಗಿರಲಿ, ಮುಖ ಮೃದುವಾಗಿರಲಿ.

ಮಗು ಹಸಿದಿದೆಯಾ, ನಿದ್ದೆಗೆಟ್ಟಿದೆಯಾ ಅಂತ ನೋಡಿಕೊಂಡರೆ ಎಷ್ಟೋ ರಂಪ ಹುಟ್ಟುವುದೇ ಇಲ್ಲ.

ಕಚ್ಚುವುದು ಈ ವಯಸ್ಸಿನಲ್ಲಿ ತೀರಾ ಸಾಮಾನ್ಯ. ಹಲ್ಲು ಬರುವ ನೋವು, ಸಿಟ್ಟು, ಕೆಲವು ಸಲ ಖುಷಿ ತಡೆಯಲಾಗದೆಯೂ ಕಚ್ಚುತ್ತಾರೆ. ನಗಬೇಡಿ, ಕಿರುಚಬೇಡಿ, ಎರಡೂ ಅವಳಿಗೆ ಆಟ ಅನ್ನಿಸಬಹುದು. ಚಿಕ್ಕದಾಗಿ 'ಕಚ್ಚಬಾರದು, ನೋವಾಗುತ್ತೆ' ಅಂದು ಹೆಗಲಿಂದ ಅವಳ ಬಾಯಿ ದೂರ ಮಾಡಿ, ಕಚ್ಚಲು ಬೇರೆ ಏನಾದರೂ ಕೈಗೆ ಕೊಡಿ. ನೋವು ಏನು ಅಂತ ಗೊತ್ತಾಗಲಿ ಅಂತ ತಿರುಗಿ ಕಚ್ಚುವವರಿದ್ದಾರೆ. ದಯವಿಟ್ಟು ಬೇಡ. ಇನ್ನೊಬ್ಬರ ಮನಸ್ಸು ತನ್ನದಕ್ಕಿಂತ ಬೇರೆ ಅನ್ನುವುದು ಅವಳಿಗೆ ಈಗಷ್ಟೇ ಹೊಳೆಯಲು ಶುರುವಾಗುವ ಕಾಲ. 1997ರ ಒಂದು ಅಧ್ಯಯನದಲ್ಲಿ, ದೊಡ್ಡವರೊಬ್ಬರು ಮಕ್ಕಳ ಮುಂದೆ ಬಿಸ್ಕತ್ತನ್ನು ಮುಖ ಸಿಂಡರಿಸಿ ತಿಂದು, ಹೂಕೋಸಿನಂಥ ಹಸಿರು ತರಕಾರಿಯಾದ ಬ್ರೊಕೊಲಿಯನ್ನು ಹಸಿಯಾಗಿಯೇ ಆಸೆಯಿಂದ ತಿಂದು ತೋರಿಸಿದರು. ಆಮೇಲೆ 'ನಂಗೆ ಸ್ವಲ್ಪ ಕೊಡು' ಅಂತ ಕೈ ಚಾಚಿದರು. 14 ತಿಂಗಳ ಮಕ್ಕಳು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟರು. 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ಟರು. ನಿಮ್ಮ ಮಗಳು ಈ ಎರಡರ ನಡುವೆ ಇದ್ದಾಳೆ. ಆಟಿಕೆ ಹಂಚಿಕೊಳ್ಳುವುದಿಲ್ಲ, ಸ್ವಾರ್ಥಿ ಆಗ್ತಿದ್ದಾಳೆ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಭಾವನೆಗಳಿಗೆ ಹೆಸರು ಕೊಡುವ ಅಭ್ಯಾಸ ಈಗಲೇ ಶುರುವಾಗಲಿ. 'ಬಲೂನು ಒಡೆದುಹೋಯ್ತು, ಬೇಜಾರಾಯ್ತು.' 'ನಾಯಿ ಬೊಗಳ್ತು, ಹೆದರಿಕೆ ಆಯ್ತು.' 'ಅಪ್ಪ ಬಂದ್ರು, ಖುಷಿ ಆಯ್ತು!' ಅವಳು ಈ ಮಾತುಗಳನ್ನು ಆಡಲು ಇನ್ನೂ ತಿಂಗಳುಗಳು ಬೇಕು. ಆದರೆ ಒಳಗೆ ಆಗುವ ಗೊಂದಲಕ್ಕೆ ಒಂದು ಹೆಸರಿದೆ ಅಂತ ಕಿವಿಗೆ ಬೀಳುತ್ತಿರಲಿ. 'ಅಳಬಾರದು', 'ಇಷ್ಟಕ್ಕೆಲ್ಲಾ ಅಳ್ತಾರಾ?' ಅನ್ನುವುದನ್ನು ಕಡಿಮೆ ಮಾಡಿ. 'ಗುಮ್ಮ ಬರ್ತಾನೆ', 'ನಿನ್ನ ಬಿಟ್ಟು ಹೋಗಿಬಿಡ್ತೀನಿ' ಅಂತ ಹೆದರಿಸುವುದನ್ನು ಪೂರ್ತಿ ಬಿಟ್ಟುಬಿಡಿ. ಬಿಟ್ಟು ಹೋಗುತ್ತೇನೆ ಅನ್ನುವ ಬೆದರಿಕೆಯನ್ನು ಈ ವಯಸ್ಸಿನ ಮಗು ಪೂರ್ತಿ ನಂಬುತ್ತದೆ. ಹದಿನೆಂಟು ತಿಂಗಳಿಂದ ಎರಡು ವರ್ಷದೊಳಗೆ ಕನ್ನಡಿಯಲ್ಲಿ ಕಾಣುವುದು ತಾನೇ ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಮುಜುಗರ, ನಾಚಿಕೆ, ಹೆಮ್ಮೆ ಎಲ್ಲ ಅಲ್ಲಿಂದಾಚೆ ಬರುತ್ತವೆ. ನಾಲ್ಕು ಜನರೆದುರು ಮಗುವಿನ ರಂಪವನ್ನು ಹೇಳಿ ನಗುವುದು ಆಮೇಲೆ ಅದಕ್ಕೆ ನಾಟುತ್ತದೆ.

ಬೇರೆಯವರ ಮಗು ಹೀಗಿರಲಿಲ್ಲ ಅನ್ನುವ ಮಾತೂ ನಿಮ್ಮ ಮನೆಯಲ್ಲಿ ಬಂದಿರಬಹುದು. ಹುಟ್ಟುಗುಣ ಒಬ್ಬೊಬ್ಬರದು ಒಂದೊಂದು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಅನ್ನುವ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಸುಮಾರು ಶೇಕಡಾ 40ರಷ್ಟು ಮಕ್ಕಳು ಸಲೀಸು ಸ್ವಭಾವದವರು, 10ರಷ್ಟು ಮಕ್ಕಳು ಎಲ್ಲದಕ್ಕೂ ಜೋರಾಗಿ ಪ್ರತಿಕ್ರಿಯಿಸುವವರು, 15ರಷ್ಟು ಮಕ್ಕಳು ಹೊಸದಕ್ಕೆ ನಿಧಾನವಾಗಿ ಒಗ್ಗುವವರು. ಉಳಿದವರಲ್ಲಿ ಇವೆಲ್ಲ ಬೆರೆತಿದ್ದವು. ಜೋರು ಮಗುವನ್ನು ಬೈದು ಸಲೀಸು ಮಗು ಮಾಡಲು ಆಗುವುದಿಲ್ಲ. ಅವಳ ಗುಣಕ್ಕೆ ಮನೆಯ ರೀತಿ ಎಷ್ಟು ಹೊಂದಿಕೊಳ್ಳುತ್ತದೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ.

ಮೊಬೈಲ್ ಕೊಟ್ಟು ಸುಮ್ಮನಾಗಿಸುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅತ್ತಾಗಲೆಲ್ಲ ಪರದೆ ಸಿಕ್ಕರೆ, ಅಳು ಇಳಿಯುವ ದಾರಿ ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ.

ಅತ್ತೆಯ ಜೊತೆ ವಾದ ಮಾಡಿ ಗೆಲ್ಲಬೇಡಿ. ಹಗಲೆಲ್ಲ ಈ ಮಗುವನ್ನು ಎತ್ತಿ ಸಾಕುತ್ತಿರುವ ಕೈ ಅವರದು. ಬೆಳಿಗ್ಗೆ ನಿಮ್ಮ ತೋಳಿಂದ ಅವರ ತೋಳಿಗೆ ಹೋಗಿ ಮಗಳು ಸಮಾಧಾನ ಆಗುತ್ತಾಳೆ ಅಂದರೆ ಅದು ನಿಮ್ಮೆಲ್ಲರ ಭಾಗ್ಯ. ಮಗುವಿನ ನಂಟು ಅಮ್ಮನೊಬ್ಬಳಿಗೇ ಅಂಟಿಕೊಂಡಿರಬೇಕಿಲ್ಲ, ಮೂರು ನಾಲ್ಕು ಜನರ ಜೊತೆ ಗಟ್ಟಿಯಾಗಿ ಬೆಳೆಯಬಹುದು. 'ಅತ್ತೇ, ನಾನು ಹೇಳಿಯೇ ಹೋಗ್ತೀನಿ. ಅವಳು ಅತ್ತಾಗ ನೀವು ಎತ್ಕೊಂಡ್ರೆ ನಂಗೆ ಧೈರ್ಯ' ಅಂತ ಕೇಳಿ ನೋಡಿ. ಅಂದಹಾಗೆ, ನಿಮ್ಮ ಪತ್ರದಲ್ಲಿ ಮಗುವಿನ ಅಪ್ಪನ ಸುದ್ದಿಯೇ ಇಲ್ಲ. ಸ್ನಾನ, ಮಲಗಿಸುವುದು, ರಾತ್ರಿ ಎದ್ದಾಗ ನೋಡುವುದು, ಇದರಲ್ಲಿ ಯಾವುದಾದರೂ ಒಂದು ಪೂರ್ತಿ ಅವರದೇ ಆಗಲಿ. ಮೊದಲ ವಾರ ಮಗಳು ಒಪ್ಪದೆ ಅಳಬಹುದು. ನೀವು ನಡುವೆ ಹೋಗಬೇಡಿ. ಅವರಿಬ್ಬರೇ ಒಂದು ದಾರಿ ಕಂಡುಕೊಳ್ಳುತ್ತಾರೆ.

ಮಕ್ಕಳ ವೈದ್ಯರಿಗೆ ತೋರಿಸಲೇಬೇಕಾದ ಸಂಗತಿಗಳೂ ಇವೆ. ಆರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಟಾಟಾ ಮಾಡುವುದು, ಬೇಕಾದ ಕಡೆ ಕೈ ತೋರುವುದು ಏನೂ ಬಾರದಿದ್ದರೆ, 16 ತಿಂಗಳಾದರೂ ಒಂದು ಪದವೂ ಬಾರದಿದ್ದರೆ, ನೋವಾದಾಗಲೂ ಯಾರ ಹತ್ತಿರವೂ ಹೋಗದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಬಂದಿದ್ದ ಮಾತು, ನಗು, ಆಟ ಮರೆತುಹೋಗುತ್ತಿದ್ದರೆ ಕಾಯಬೇಡಿ. ನೀವು ಬರೆದಿರುವುದರಲ್ಲಿ ಇಂಥದ್ದೇನೂ ನನಗೆ ಕಾಣಲಿಲ್ಲ.

ಕೊನೆಗೆ ನಿಮ್ಮ ವಿಷಯ. 'ಯಾವುದರಲ್ಲೂ ಮನಸ್ಸಿಲ್ಲ, ಸುಮ್‌ಸುಮ್ನೆ ಅಳು ಬರುತ್ತೆ' ಅಂತ ಬರೆದಿದ್ದೀರಿ. ಹೆರಿಗೆಯ ನಂತರದ ಖಿನ್ನತೆ ಮೊದಲ ವಾರಗಳಲ್ಲೇ ಬರಬೇಕೆಂದಿಲ್ಲ. ತಿಂಗಳುಗಳಾದ ಮೇಲೆ ಶುರುವಾಗಬಹುದು, ಗುರುತಿಸದೆ ಬಿಟ್ಟರೆ ಎರಡನೇ ವರ್ಷಕ್ಕೂ ಎಳೆಯಬಹುದು. ಹೆತ್ತ ತಾಯಂದಿರಲ್ಲಿ ಸುಮಾರು ಶೇಕಡಾ 13ರಷ್ಟು ಜನರಿಗೆ ಮನಸ್ಸಿನ ತೊಂದರೆ ಆಗುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ನಿಮ್ಮ ತಪ್ಪಲ್ಲ, ಸೋಮಾರಿತನ ಅಲ್ಲ, ಪ್ರೀತಿ ಕಡಿಮೆ ಅಂತಲೂ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ದಿನ ಹೀಗೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮಗುವನ್ನು ನೋಡಿದರೂ ಏನೂ ಅನ್ನಿಸದಿದ್ದರೆ ಈ ವಾರವೇ ವೈದ್ಯರನ್ನು ಕಾಣಿ. ನಿಮಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಂಡುಬಿಡಬೇಕು ಅನ್ನುವ ಯೋಚನೆ ಬಂದಿದ್ದರೆ ಅದೇ ದಿನ, ಮನೆಯವರೊಬ್ಬರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೋವೈದ್ಯರ ಹತ್ತಿರ ನೇರ ಹೋಗಲು ಸಂಕೋಚವಾದರೆ ನಿಮಗೆ ಹೆರಿಗೆ ಮಾಡಿಸಿದ ವೈದ್ಯರಿಗೆ ಹೇಳಬಹುದು, ಮಗಳ ಲಸಿಕೆಗೆ ಹೋದಾಗ ಮಕ್ಕಳ ವೈದ್ಯರಿಗೂ ಹೇಳಬಹುದು. ನನಗೆ ಬರೆದ ಸಾಲನ್ನೇ ಅವರ ಮುಂದೆ ಓದಿದರೂ ಸಾಕು, ಮುಂದಿನದನ್ನು ಅವರು ಕೇಳಿ ತಿಳಿದುಕೊಳ್ಳುತ್ತಾರೆ.